ತಡವಾಗಿ ಕೊಯ್ದ ಎಲೆ

ಆ ದಿನ ಸಂಘದ ಸಭಾಂಗಣದಲ್ಲಿ ಕುರ್ಚಿ ಸಾಲದೆ ಹಿಂದಿನವರು ಗೋಡೆಗೆ ಒರಗಿ ನಿಂತಿದ್ದರು. ಸೇಜ್ ಗಿಡ ಬೆಳೆದು, ಅದರ ಎಲೆಯಿಂದ ಎಣ್ಣೆ ಇಳಿಸುವ ನಲವತ್ತು ಮನೆಯವರು ವರ್ಷಕ್ಕೊಮ್ಮೆ ಸೇರಿ, ಯಾರ ಎಣ್ಣೆ ಹೇಗಿದೆ ಎಂದು ಕೇಳಿಸಿಕೊಳ್ಳುವ ಸಭೆ ಅದು. ಎಣ್ಣೆಯನ್ನು ಪರೀಕ್ಷೆ ಮಾಡಿದವಳು ಮುಂದೆ ನಿಂತು ಒಂದೊಂದೇ ಡಬ್ಬಿಯ ನಂಬರು ಓದುತ್ತಿದ್ದಳು. ಹದಿನೇಳನೆಯದಕ್ಕೆ ಬಂದಾಗ ಕಾಗದದಿಂದ ತಲೆ ಎತ್ತದೆ, "ಕಲಬೆರಕೆ. ಇದಕ್ಕೆ ಕರ್ಪೂರ ಸೇರಿಸಿದ್ದಾರೆ," ಎಂದಳು.

ಹದಿನೇಳನೆಯ ಡಬ್ಬಿ ಅವಳ ಸೋದರಮಾವನದು.

ಮಾವ ಮೂರನೆಯ ಸಾಲಿನಲ್ಲಿ ಕೂತಿದ್ದರು. ಮೊದಲು ಅಕ್ಕಪಕ್ಕ ನೋಡಿದರು, ಬೇರೆ ಯಾರದೋ ನಂಬರು ಇರಬೇಕು ಎನ್ನುವ ಹಾಗೆ. ಆಮೇಲೆ ನಿಧಾನವಾಗಿ ಎದ್ದು ನಿಂತರು.

"ಇನ್ನೊಂದ್ಸಲ ನೋಡ್ತೀಯೇನಮ್ಮಾ?"

ಅವಳು ಈ ಮಾತಿಗೆ ಕಾದಿದ್ದಳು. ಉತ್ತರವನ್ನು ಹಿಂದಿನ ದಿನವೇ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿಕೊಂಡಿದ್ದಳು. "ಈ ಸಭೆಯಲ್ಲಿ ನನಗೆ ಮಾವ ಅಂತ ಯಾರೂ ಇಲ್ಲ. ಡಬ್ಬಿ ನಂಬರ್ ಮಾತ್ರ ಇರೋದು."

 ಆಮೇಲೆ ಹಿಂದಿನ ಗೋಡೆಯ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು, ಅದು ಸಾಲಿನಿಂದ ಸಾಲಿಗೆ ಮುಂದಕ್ಕೆ ಬಂತು. ಮಾವ ಕೂರಲಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿದ್ದ ಅಂಗವಸ್ತ್ರ ತೆಗೆದುಕೊಂಡು, ಕಾಲು ಚಾಚಿ ಕೂತಿದ್ದವರ ಮಂಡಿಗಳ ನಡುವೆ "ಸ್ವಲ್ಪ ದಾರಿ, ಸ್ವಲ್ಪ ದಾರಿ" ಎಂದು ಕೇಳುತ್ತ ಹೊರಗೆ ಹೋದರು.

ಅವಳನ್ನು ಈ ಕೆಲಸಕ್ಕೆ ತಂದವರೇ ಆ ಮಾವ. ತಂದೆ ಇಲ್ಲದ ಹುಡುಗಿ, ತಾಯಿಯ ಜೊತೆ ಮಾವನ ಮನೆಯಲ್ಲೇ ಬೆಳೆದವಳು. ಕೈಗೆ ಸಿಕ್ಕಿದ್ದನ್ನೆಲ್ಲ ಮೂಗಿಗೆ ಹಿಡಿಯುತ್ತಿದ್ದಳು: ಒಗೆದ ಬಟ್ಟೆ, ಹೊಸ ಪುಸ್ತಕ, ಅಗೆದ ಮಣ್ಣು. ಅದಕ್ಕೇ ಮಾವ ಅವಳಿಗೆ "ಮೂಗಿ" ಎಂದು ಹೆಸರಿಟ್ಟರು. "ಮೂರು ಹೊತ್ತೂ ವಟಗುಟ್ಟೋ ಹುಡುಗಿಗೆ ಮೂಗಿ ಅಂತ ಹೆಸರಿಟ್ಟಿದ್ದೀರಲ್ಲ," ಎಂದು ಅತ್ತೆ ನಕ್ಕರೆ, "ಮೂಗು ನೋಡಿ ಇಟ್ಟಿದ್ದು ಕಣೇ, ಬಾಯಿ ನೋಡಿ ಅಲ್ಲ," ಎನ್ನುತ್ತಿದ್ದರು.

ಮಾವನ ಹೊಲ ಕಲ್ಲು ತುಂಬಿದ ಇಳಿಜಾರು. ಹಗಲೆಲ್ಲ ಬಿಸಿಲು ಬೀಳುವ ಆ ಜಾಗದಲ್ಲಿ ಏಳು ಪಟ್ಟಿ ಸೇಜ್ ಇತ್ತು. ಬೂದುಹಸಿರು ಎಲೆ, ಮುಟ್ಟಿದರೆ ಬೆಕ್ಕಿನ ಕಿವಿಯ ಹಾಗೆ ಮೆತ್ತಗೆ. ಕಾಲುವೆ ಪಕ್ಕದವರ ಹೊಲದಲ್ಲಿ ಗಿಡ ಸೊಂಟದುದ್ದ ಬೆಳೆಯುವುದನ್ನು ನೋಡಿ ಅವಳು ಒಮ್ಮೆ, ನಾವೂ ನೀರು ಬಿಡೋಣ ಎಂದಿದ್ದಳು. ಮಾವ ಎರಡೂ ಹೊಲದ ಒಂದೊಂದು ಎಲೆ ಕಿತ್ತು ಅವಳ ಎರಡೂ ಅಂಗೈಯಲ್ಲಿ ಉಜ್ಜಿದ್ದರು. "ಈಗ ಮೂಸು. ಹೊಟ್ಟೆ ತುಂಬ ನೀರು ಕುಡಿದ ಗಿಡ ಎಲೆ ಮಾಡುತ್ತೆ. ಬಾಯಾರಿದ ಗಿಡ ಎಣ್ಣೆ ಮಾಡುತ್ತೆ."

ಕೊಯ್ಲಿನ ವಿಷಯದಲ್ಲಿ ಅವರು ಗಡಿಯಾರದ ಮನುಷ್ಯ. ಹೂಮೊಗ್ಗು ಒಡೆಯುವ ಮೊದಲು ಮೊದಲ ಕೊಯ್ಲು ಮುಗಿಯಬೇಕು. ಇಬ್ಬನಿ ಆರಿದ ಮೇಲೆ ಕುಡುಗೋಲು ಹಿಡಿಯಬೇಕು, ಬಿಸಿಲು ನೆತ್ತಿಗೇರುವ ಮೊದಲು ಕೆಳಗಿಡಬೇಕು. ಮಳೆ ಬಿದ್ದರೆ ಮೂರು ದಿನ ಕಾಯಬೇಕು. ಕೊಯ್ದ ಎಲೆಯನ್ನು ಒಂದು ದಿನ ನೆರಳಲ್ಲಿ ಬಾಡಿಸಿ, ಹಂಡೆಗೆ ತುಂಬಿ, ಅಡಿಯಿಂದ ಆವಿ ಹಾಯಿಸುತ್ತಿದ್ದರು. ಆವಿ ತಣ್ಣಗಾಗಿ ಕೊಳವೆಯ ತುದಿಯಿಂದ ತೊಟ್ಟಿಕ್ಕುವಾಗ ನೀರಿನ ಮೇಲೆ ತೆಳ್ಳಗೆ ತೇಲುವುದೇ ಎಣ್ಣೆ. ನೂರು ಕಿಲೋ ಎಲೆಗೆ ಒಂದು ಕಿಲೋ ಬಂದರೆ ಆ ದಿನ ಮಾವ ಶಿಳ್ಳೆ ಹಾಕುತ್ತಿದ್ದರು.

ಅವಳು ರಸಾಯನಶಾಸ್ತ್ರ ಓದಿ ಬಂದಾಗ ಸಂಘದವರು ಪರೀಕ್ಷೆಯ ಕೆಲಸ ಕೊಟ್ಟರು. ಸೈಕಲ್ ರಿಪೇರಿ ಅಂಗಡಿಯ ಹಿಂಬದಿಗೆ ಕಿಟಕಿ ತೆರೆಯುವ ಒಂದು ಕೋಣೆ, ಅದರಲ್ಲೊಂದು ಯಂತ್ರ. ಒಂದು ಹನಿ ಎಣ್ಣೆ ಚುಚ್ಚಿದರೆ ಆ ಯಂತ್ರ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಕಾಗದದ ಮೇಲೆ ಮೊನೆಮೊನೆಯಾಗಿ ಗೆರೆ ಎಳೆಯುತ್ತಿತ್ತು. ಒಂದು ಮೊನೆ ಕರ್ಪೂರದ್ದು, ಒಂದು ಥೂಜೋನಿನದು; ಎರಡೂ ಸೇಜ್ ಎಲೆಯಲ್ಲೇ ಸಹಜವಾಗಿ ಇರುವ ಅಂಶಗಳು. ಥೂಜೋನ್ ಮಿತಿ ಮೀರಿದರೆ ನರಗಳಿಗೆ ಒಳ್ಳೆಯದಲ್ಲ. ಬಾಯಿ ಮುಕ್ಕಳಿಸುವ ಔಷಧಿ ಮಾಡುವವರು ಈ ಎಣ್ಣೆ ಕೊಳ್ಳುತ್ತಿದ್ದರಿಂದ ಮೊನೆಗಳ ಎತ್ತರಕ್ಕೆ ಕಟ್ಟುನಿಟ್ಟು.

ಎರಡನೇ ವರ್ಷವೇ ಒಂದು ಮಾತು ಅವಳ ಕಿವಿಗೆ ಬಿತ್ತು. ಮೆಟ್ಟಿಲ ಮೇಲೆ ಕೂತು ಯಾರೋ ಹೇಳುತ್ತಿದ್ದರು, "ಮಾವ ಇಳಿಸೋದು, ಸೊಸೆ ಪಾಸ್ ಮಾಡೋದು. ನಾವು ಬರೆದ ಪರೀಕ್ಷೇಲೂ ಹಿಂಗಿದ್ದಿದ್ರೆ ನಾನೂ ಡಾಕ್ಟರ್ ಆಗ್ತಿದ್ದೆ." ಕೇಳಿದವರೆಲ್ಲ ನಕ್ಕರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ನಗು ಮಾತ್ರ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಹಾಗಾಗಿ ಹದಿನೇಳನೆಯ ಡಬ್ಬಿಯ ಕರ್ಪೂರದ ಮೊನೆ ಎಂದಿಗಿಂತ ಸುಮಾರು ಎರಡು ಪಟ್ಟು ಎತ್ತರಕ್ಕೆ ಎದ್ದಾಗ ಅವಳಿಗೆ ದುಃಖದ ಜೊತೆ ಇನ್ನೊಂದೇನೋ ಆಯಿತು. ಅದು ಸಂತೋಷ ಎಂದು ಒಪ್ಪಿಕೊಳ್ಳಲು ಅವಳಿಗೆ ಒಂದು ವರ್ಷ ಬೇಕಾಯಿತು. ಕರ್ಪೂರ ಅಂಗಡಿಯಲ್ಲಿ ಸಿಗುವ ವಸ್ತು, ಅಗ್ಗ. ಎಣ್ಣೆಯ ತೂಕ ಹೆಚ್ಚಿಸಲು ಅದನ್ನು ಕರಗಿಸುವವರು ಹಿಂದೆಯೂ ಇದ್ದರು. ಮಾವನಿಗೆ ಫೋನು ಮಾಡಲಿಲ್ಲ. ಮಾಡಿದರೆ ನೆಂಟರನ್ನು ವಿಚಾರಿಸಿದಳು ಎಂದಾಗುತ್ತಿತ್ತು. ಬೇರೆ ಯಾರದೇ ಡಬ್ಬಿಯಾಗಿದ್ದರೆ ಕರೆದು ಕೇಳುತ್ತಿದ್ದಳು.

ಸಭೆಯಾದ ಮೇಲೆ ಸಂಘದ ಪಟ್ಟಿಯಿಂದ ಮಾವನ ಹೆಸರು ತೆಗೆದರು. ಡಬ್ಬಿಗೆ ಕೆಂಪು ಮುದ್ರೆ ಬಿತ್ತು. "ಬಟ್ಟೆ ಪೆಟ್ಟಿಗೇಲಿ ಹುಳ ಬಿದ್ದಿದೆ, ನಿಮ್ಮೆಣ್ಣೆ ಒಂದು ತೊಟ್ಟು ಕೊಡಿ," ಎಂದು ದಾರಿಯಲ್ಲಿ ಅವರನ್ನು ಕೇಳುವವರಾದರು. ಮಾವ ಪೇಟೆಯ ಕಡೆ ಬರುವುದನ್ನೇ ಬಿಟ್ಟರು. ಇತ್ತ ಸಂಘದ ಕಾರ್ಯದರ್ಶಿ ಸಿಕ್ಕಸಿಕ್ಕವರ ಮುಂದೆ, "ನಮ್ಮ ಪರೀಕ್ಷಕಿ ಸ್ವಂತ ಮಾವನ್ನೇ ಬಿಡ್ಲಿಲ್ಲ ಸ್ವಾಮಿ," ಎಂದು ಹೇಳಿಕೊಂಡು ತಿರುಗಿದರು. ಅವಳಿಗೆ ಮುಖ್ಯ ಪರೀಕ್ಷಕಿ ಎಂಬ ಹುದ್ದೆಯೂ ಗಾಳಿ ಬೆಳಕಿನ ಹೊಸ ಕೋಣೆಯೂ ಸಿಕ್ಕಿತು. ಮಾವನ ಮನೆಗೆ ಅವಳು ಹೋಗಲಿಲ್ಲ. ತಪ್ಪು ಅವರದು, ಅವರೇ ಬರಲಿ ಎಂದುಕೊಂಡಳು.

ಮರುವರ್ಷ ಎಣ್ಣೆ ಕೊಳ್ಳುವವರು ಒಂದು ವರದಿ ಕೇಳಿದರು: ತಿಂಗಳಿಂದ ತಿಂಗಳಿಗೆ, ಹೊಲದಿಂದ ಹೊಲಕ್ಕೆ ಎಣ್ಣೆಯ ಗುಣ ಎಷ್ಟು ಬದಲಾಗುತ್ತದೆ? ಅವಳು ಸಂಘದ ಪ್ರಯೋಗದ ಹೊಲದಲ್ಲಿ ಒಂದು ಪಟ್ಟಿಗೆ ನೀರು ಬಿಡಿಸಿ, ಇನ್ನೊಂದನ್ನು ಒಣಗಲು ಬಿಟ್ಟು, ಹದಿನೈದು ದಿನಕ್ಕೊಮ್ಮೆ ಒಂದೊಂದು ಕಂತೆ ಕೊಯ್ಸಿ ಎಣ್ಣೆ ಇಳಿಸಿದಳು. ಮೊಗ್ಗಿಗೆ ಮುಂಚಿನ ಎಣ್ಣೆ ಹಗುರ, ಮೊನೆಗಳೆಲ್ಲ ಮಿತಿಯೊಳಗೆ. ಹೂ ಬಿಟ್ಟಾಗಲೂ ಅಷ್ಟೇನೂ ಏರಲಿಲ್ಲ. ಬೀಜ ಉದುರಿ, ಬಿಸಿಲು ವಾರಗಟ್ಟಲೆ ಕಾಯಿಸಿದ ಮೇಲೆ ನೋಡಿದರೆ ಒಣ ಪಟ್ಟಿಯ ಎಣ್ಣೆ ಬೇರೆಯೇ ಆಗಿತ್ತು. ತಡವಾದರೆ ಹೆಚ್ಚುತ್ತದೆ ಎಂದು ಅವಳು ಪುಸ್ತಕದಲ್ಲಿ ಓದಿದ್ದಳು, ಆದರೆ ಇಷ್ಟು ಎಂದು ಎಣಿಸಿರಲಿಲ್ಲ. ಚಳಿ ಶುರುವಾದ ವಾರ ಕೊನೆಯ ಕಂತೆಯ ಕಾಗದ ಯಂತ್ರದಿಂದ ಹೊರಬಂದಾಗ, ಈ ಗೆರೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು.

ಕಪಾಟಿನಿಂದ ಹಳೆಯ ಕಡತ ತೆಗೆದಳು. ಹದಿನೇಳನೆಯ ಡಬ್ಬಿಯ ಕಾಗದವನ್ನು ಹೊಸದರ ಮೇಲಿಟ್ಟು, ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬೆಳಕಿನಲ್ಲಿ ಎರಡೂ ಗೆರೆ ಹೆಚ್ಚುಕಡಿಮೆ ಒಂದೇ ಆಗಿ ಕಂಡವು. ಕರ್ಪೂರದ ಮೊನೆ ಎತ್ತರ, ಸರಿ. ಪಕ್ಕದ ಥೂಜೋನಿನ ಮೊನೆಯೂ ಎತ್ತರ. ಮಾವನ ಕಾಗದದಲ್ಲೂ ಅದು ಎತ್ತರವೇ ಇತ್ತು. ಕರ್ಪೂರವನ್ನೇನೋ ಅಂಗಡಿಯಿಂದ ತಂದು ಕಲಸಬಹುದು. ಥೂಜೋನನ್ನು ಆ ಪೇಟೆಯ ಯಾವ ಅಂಗಡಿಯಲ್ಲೂ ಪೊಟ್ಟಣ ಕಟ್ಟಿ ಕೊಡುವುದಿಲ್ಲ. ಎರಡೂ ಒಟ್ಟಿಗೆ ಏರಿದ್ದರೆ ಅದು ಗಿಡವೇ ಮಾಡಿದ ಕೆಲಸ. ಒಂದು ಮೊನೆ ನೋಡಿದವಳು ಕಣ್ಣನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿದ್ದರೆ ಸಾಕಿತ್ತು.

ಆಗ ಇನ್ನೊಂದು ನೆನಪಾಯಿತು. ಆ ವರ್ಷ ಕೊಯ್ಲಿನ ಹೊತ್ತಿಗೆ ಅತ್ತೆಗೆ ಆಪರೇಷನ್ ಆಗಿತ್ತು. ಹೊಲಿಗೆ ಕೀವಾಗಿ ಎರಡೂವರೆ ತಿಂಗಳು ಆಸ್ಪತ್ರೆಯಲ್ಲೇ ಇದ್ದರು, ಮಾವ ವಾರ್ಡಿನ ಬೆಂಚಿನ ಮೇಲೆ ಮಲಗುತ್ತಿದ್ದರು. ಅವಳೇ ಎರಡು ಸಲ ಹಣ್ಣು ಹಿಡಿದು ಹೋಗಿದ್ದಳು. ಆ ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕೂತು, "ಗಿಡದ ಕಥೆ ಏನು ಮಾವ?" ಎಂದು ಕೇಳಿದ್ದಳು. "ಗಿಡ ಕಾಯುತ್ತೆ ಬಿಡು, ಇವಳು ಕಾಯಲ್ಲ," ಎಂದಿದ್ದರು ಮಾವ.

ಎಲೆ ಯಾಕೆ ತಡವಾಯಿತು ಎಂದು ಅವಳಿಗೆ ಯಾರೂ ಹೇಳಬೇಕಾಗಿಯೇ ಇರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದುಕೊಂಡು ಕೂತಿದ್ದಳು.

ಅವಳು ಮೊದಲು ಮಾಡಿದ ಕೆಲಸವೆಂದರೆ ಬಾಗಿಲ ಕಡೆ ತಿರುಗಿ ನೋಡಿದ್ದು, ಯಾರಾದರೂ ಕಂಡರೇ ಎಂದು. ಯಾರೂ ಇರಲಿಲ್ಲ. ಎರಡೂ ಕಾಗದವನ್ನು ಮಡಚಿ, ಗಾಜು ಒರೆಸುವ ಬಟ್ಟೆಯ ಕೆಳಗೆ ಡ್ರಾಯರಿನಲ್ಲಿಟ್ಟಳು. ಕೊಳ್ಳುವವರಿಗೆ ಮೊದಲ ಕೊಯ್ಲಿನ ತನಕದ ವರದಿ ಕಳಿಸಿ, ಉಳಿದದ್ದು ಇನ್ನೂ ಮುಗಿದಿಲ್ಲ ಎಂದು ಬರೆದಳು.

ಹೀಗೆ ನಲವತ್ತು ದಿನ ಕಳೆದವು. ಇನ್ನೊಂದು ಸಲ ಪರೀಕ್ಷಿಸಬೇಕು, ಅವಸರ ಸಲ್ಲದು ಎಂದು ತನಗೇ ಹೇಳಿಕೊಂಡಳು, ಆದರೆ ಪರೀಕ್ಷಿಸಲಿಲ್ಲ. ಹೇಳಿದರೆ ಆ ಚಪ್ಪಾಳೆ ಏನಾಗುತ್ತದೆ ಎಂಬುದೇ ಅವಳ ಚಿಂತೆ. ಯಾರಾದರೂ ಹೊಸ ಕೋಣೆಯನ್ನು ಹೊಗಳಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗುತ್ತಿತ್ತು. ಈಗ ಚಿಕ್ಕಮ್ಮನ ಊರಿನಲ್ಲಿದ್ದ ತಾಯಿ ಫೋನಿನಲ್ಲಿ, "ಅಣ್ಣ ಮೇಲಿನ ಪಟ್ಟಿಗಳನ್ನೆಲ್ಲ ಕಿತ್ತು ಹಾಕ್ತಿದ್ದಾನಂತೆ, ನೀನೊಂದು ಮಾತು ಆಡೇ," ಎಂದು ಅತ್ತಾಗಲೂ ಬಾಯಿ ಬಿಡಲಿಲ್ಲ. ಮಾವ ಪ್ರೀತಿಯಿಂದ ಇಟ್ಟ ಹೆಸರಿಗೆ ಅವಳು ಈಗ ಇನ್ನೊಂದು ಅರ್ಥದಲ್ಲಿ ತಕ್ಕವಳಾಗಿದ್ದಳು.

ಅವಳ ಬಾಯಿ ಬಿಡಿಸಿದ್ದು ಬೇರೆ ಒಬ್ಬ ಹೆಂಗಸಿನ ಡಬ್ಬಿ. ಗುಡ್ಡದ ಆಚೆ ಬದಿ ಒಣ ಹೊಲ ಮಾಡುವ ಹೆಂಗಸು, ಮಾತು ಕಡಿಮೆ. ಅವಳ ಎಣ್ಣೆಯ ಕಾಗದ ಯಂತ್ರದಿಂದ ಬರುವಾಗ ಕಾರ್ಯದರ್ಶಿ ಕೋಣೆಯಲ್ಲೇ ಇದ್ದರು. ವರ್ಷವಿಡೀ ಹೊಗಳಿ ಹೊಗಳಿ ಅವರಿಗೂ ಕರ್ಪೂರದ ಮೊನೆ ಗುರುತಿಸುವಷ್ಟು ವಿದ್ಯೆ ಬಂದಿತ್ತು.

"ಓಹೋ, ಇಲ್ನೋಡಿ! ಹೋದ ವರ್ಷದ್ದೇ ಕಥೆ. ಹಾಕಿ ಕೆಂಪು ಮುದ್ರೆ. ಮಾವನ್ನೇ ಬಿಡದವರು ಇವಳನ್ನ ಬಿಡ್ತೀರಾ?"

ಹೆಂಗಸು ಬಾಗಿಲ ಹತ್ತಿರ ಖಾಲಿ ಚೀಲ ಮಡಚುತ್ತ ನಿಂತಿದ್ದಳು. ಪಕ್ಕದ ಥೂಜೋನಿನ ಮೊನೆಯೂ ಎತ್ತರವಿರುವುದನ್ನು ನೋಡಿ ಪರೀಕ್ಷಕಿ ಅವಳನ್ನು ಕೇಳಿದಳು, "ಅಕ್ಕಾ, ಎಲೆ ಯಾವಾಗ ಕೊಯ್ದಿರಿ?"

"ಬೀಜ ಉದುರಿದ ಮೇಲೆ. ಗೊತ್ತು, ಲೇಟು. ಮಣಿಕಟ್ಟು ಮುರ್ಕೊಂಡಿದ್ದೆ, ಕುಡುಗೋಲು ಹಿಡಿಯೋಕಾಗ್ಲಿಲ್ಲ." ಹೆಂಗಸು ಕೈ ಎತ್ತಿ ತೋರಿಸಿದಳು. ಮಣಿಕಟ್ಟು ಇನ್ನೂ ಸೊಟ್ಟಗಿತ್ತು.

ಅಷ್ಟೇ. ಒಂದು ಪ್ರಶ್ನೆ, ಒಂದು ಉತ್ತರ, ಅರ್ಧ ನಿಮಿಷ.

"ಇದು ಕಲಬೆರಕೆ ಅಲ್ಲ," ಎಂದಳು ಪರೀಕ್ಷಕಿ. "ತಡವಾಗಿ ಕೊಯ್ದ ಎಲೆ. ಬಾಯಿಗೆ ಹಾಕೋ ಔಷಧಿಗೆ ಬೇಡ, ಸೋಪಿನವರಿಗೆ ಕೊಡಬಹುದು. ಎಣ್ಣೆ ಶುದ್ಧವಾಗಿದೆ."

ಕಾರ್ಯದರ್ಶಿ ಕನ್ನಡಕ ತೆಗೆದರು. "ಹಂಗಾದ್ರೆ ಹೋದ ವರ್ಷದ್ದು?"

ಅವಳು ಡ್ರಾಯರು ಎಳೆದು, ಬಟ್ಟೆಯ ಕೆಳಗಿನ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟಳು. "ಅದೂ ಇದೇ. ನಾನು ತಪ್ಪು ಓದಿದ್ದೆ. ನಲವತ್ತು ದಿನದಿಂದ ಗೊತ್ತಿತ್ತು."

ಕಾರ್ಯದರ್ಶಿ ಕಾಗದ ನೋಡಲಿಲ್ಲ, ಅವಳ ಮುಖ ನೋಡಿದರು. "ಇದನ್ನ ಇಲ್ಲೇ ಬಿಟ್ಬಿಡೋಣ," ಎಂದರು ಮೆಲ್ಲಗೆ. "ಈ ಅಮ್ಮಂದು ಪಾಸ್ ಮಾಡಿ. ಹಳೇದನ್ನ ಕೆದಕಿದ್ರೆ ಸಂಘದ ಮರ್ಯಾದೆ ಹೋಗುತ್ತೆ."

"ಹೋಗಿರೋದು ನಮ್ಮ ಮಾವನ ಮರ್ಯಾದೆ, ಸಾರ್," ಎಂದಳು. ಮಾತು ಗಟ್ಟಿಯಾಗಿಯೇ ಬಂತು, ಆದರೆ ಅದರಿಂದ ಅವಳಿಗೆ ಯಾವ ಹೆಮ್ಮೆಯೂ ಆಗಲಿಲ್ಲ. ಗುಡ್ಡದ ಹೆಂಗಸು ಚೀಲ ಮಡಚುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಬಸ್ಸು ಹತ್ತಿ ಮಾವನ ಮನೆಗೆ ಹೋದಳು. ನಿಲ್ದಾಣದಿಂದ ಏರುದಾರಿ. ತಾಯಿ ಹೇಳಿದ್ದು ನಿಜ: ಮೇಲಿನ ಐದು ಪಟ್ಟಿ ಖಾಲಿಯಾಗಿದ್ದವು. ಬೇರು ಕಿತ್ತ ಗುಂಡಿಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಅಂಗಳದ ಮೂಲೆಯಲ್ಲಿ ಎಣ್ಣೆಯ ಹಂಡೆಯನ್ನು ಬೋರಲು ಹಾಕಿ, ಅದರ ಮೇಲೆ ತೊಳೆದ ಪಾತ್ರೆ ಒಣಗಿಸಿದ್ದರು.

ಮಾವ ಜಗುಲಿಯ ಮೇಲೆ ಗುದ್ದಲಿಗೆ ಹಿಡಿ ಕೂರಿಸುತ್ತಿದ್ದರು. ತಲೆ ಎತ್ತಿ ನೋಡಿ, "ಬನ್ನಿ, ಕೂತ್ಕೊಳ್ಳಿ," ಎಂದರು.

ಹುಟ್ಟಿದಾಗಿನಿಂದ ಅವಳನ್ನು "ಬಾರೇ, ಹೋಗೇ" ಎಂದವರು. ಆ ಬಹುವಚನಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕೂರಲಾಗಲಿಲ್ಲ. ನಿಂತೇ ಹೇಳಿದಳು, ಮೊದಲಿಂದ ಕೊನೆಯವರೆಗೆ: ಪ್ರಯೋಗದ ಹೊಲ, ಕಿಟಕಿಯ ಗಾಜು, ಎರಡು ಮೊನೆ. ಅತ್ತೆ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಮಾವ ಗುದ್ದಲಿಯ ಹಿಡಿಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದರು.

"ತಡವಾಗಿದ್ದಕ್ಕೆ ಹಂಗಾಗಿದೆ ಅಂತ ನನಗೆ ಅವತ್ತೇ ಅನುಮಾನ ಬಂತು," ಎಂದರು ಕೊನೆಗೆ. "ಅದಕ್ಕೇ ಇನ್ನೊಂದ್ಸಲ ನೋಡು ಅಂದಿದ್ದು."

"ಆಮೇಲಾದ್ರೂ ಯಾಕೆ ಹೇಳ್ಲಿಲ್ಲ ಮಾವ?"

"ಯಾರಿಗೆ ಹೇಳ್ಲಿ? ಹೆಂಡತಿ ಕಾಯಿಲೆ ಮುಂದಿಟ್ಕೊಂಡು ಕಳ್ಳತನ ಮುಚ್ಚಾಕ್ತಾನೆ ಅನ್ನೋರು. ನೀವೂ ಅನ್ನೋರು."

ಅತ್ತೆ ಚೌಕಟ್ಟು ಬಿಟ್ಟು ಮುಂದೆ ಬಂದರು. "ವರ್ಷವಿಡೀ ನನ್ನಿಂದಾನೇ ಇವರಿಗೆ ಹಿಂಗಾಯ್ತು ಅಂತ ಕೊರಗಿದ್ದೀನಿ ಕಣೇ. ನಾನು ಆಸ್ಪತ್ರೇಲೇ ಸತ್ತೋಗಿದ್ರೆ ಇವರು ಟೈಮಿಗೆ ಕೊಯ್ಲಾದ್ರೂ ಮಾಡ್ತಿದ್ರು ಅಂತ ಅಂದ್ಕೊಂಡಿದ್ದೀನಿ. ನಿನಗೆ ಇದು ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಲು ಅವಳಿಗೆ ಅಲ್ಲೊಂದು ಅವಕಾಶವಿತ್ತು. ನಿನ್ನೆ ಎಂದಿದ್ದರೆ ನಂಬುತ್ತಿದ್ದರು.

"ನಲವತ್ತು ದಿನ ಆಯ್ತು ಅತ್ತೆ."

ಅತ್ತೆ ಹೊಟ್ಟೆಯ ಮೇಲೆ, ಹೊಲಿಗೆ ಹಾಕಿದ್ದ ಜಾಗದಲ್ಲಿ ಕೈ ಇಟ್ಟುಕೊಂಡು ಒಳಗೆ ಹೋದರು. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ತಪ್ಪು ಓದೋದು ಯಾರಿಗಾದ್ರೂ ಆಗುತ್ತೆ," ಎಂದರು ಮಾವ. "ನಾನೂ ಎಷ್ಟೋ ಸಲ ಆಕಾಶ ತಪ್ಪು ಓದಿದ್ದೀನಿ. ಆದ್ರೆ ಈ ಐದು ಪಟ್ಟೀಲಿ ಮೂರನ್ನ ಕಿತ್ತಿದ್ದು ಹೋದ ತಿಂಗಳು. ನೀವು ಸುಮ್ಮನಿದ್ರಲ್ಲ, ಆ ದಿನಗಳಲ್ಲಿ."

ಅವಳು ಕ್ಷಮಿಸಿ ಎಂದಳು, ಎಲ್ಲೋ ಪಾಠ ಒಪ್ಪಿಸಿದ ಹಾಗೆ ಕೇಳಿಸಿತು. ಮಾವ ಗುದ್ದಲಿಯ ಹಿಡಿಯನ್ನು ನೆಲಕ್ಕೆ ಕುಟ್ಟಿ ಬಿಗಿ ಮಾಡಿದರು. "ನನ್ನ ಹತ್ರ ಹೇಳಿದ್ದು ಸರಿ. ಆದ್ರೆ ಹೆಸರು ಕೆಡಿಸಿದ್ದು ಇಲ್ಲಲ್ಲ, ಸಭೇಲಿ."

ಆ ವರ್ಷದ ಸಭೆಗೆ ಮಾವ ಬರಲಿಲ್ಲ. ಅವಳು ನಂಬರುಗಳನ್ನು ಓದುವ ಮೊದಲೇ, "ಹೋದ ವರ್ಷದ ಹದಿನೇಳನೇ ಡಬ್ಬಿ ಶುದ್ಧವಾಗಿತ್ತು," ಎಂದಳು. ಎರಡೂ ಕಾಗದವನ್ನು ದೊಡ್ಡದು ಮಾಡಿಸಿ ಗೋಡೆಗೆ ಅಂಟಿಸಿದ್ದಳು. ಯಾವ ಮೊನೆ ನೋಡಿದೆ, ಯಾವುದನ್ನು ನೋಡಲಿಲ್ಲ ಎಂದು ಕೋಲಿನಿಂದ ತೋರಿಸಿದಳು. ಅತ್ತೆ ಆಸ್ಪತ್ರೆಯಲ್ಲಿದ್ದದ್ದು ತನಗೆ ಗೊತ್ತಿತ್ತು ಎಂಬುದನ್ನೂ, ನಲವತ್ತು ದಿನ ಬಾಯಿ ಮುಚ್ಚಿಕೊಂಡದ್ದನ್ನೂ ಬಿಡಲಿಲ್ಲ. 

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಳದ ಜೋಕು ಮಾಡಿದವರು ತಮ್ಮ ಚಪ್ಪಲಿ ನೋಡಿಕೊಂಡರು. ಹಿಂದಿನಿಂದ ಒಬ್ಬರು, "ಹಂಗಾದ್ರೆ ನನ್ನ ಎಣ್ಣೆ ಆರು ವರ್ಷದ ಹಿಂದೆ ಫೇಲಾಗಿತ್ತಲ್ಲ, ಅದು?" ಎಂದರು. ಕೆಲವರು ನಕ್ಕರು. ಅವಳು ನಗದೆ, ಹಳೆಯ ಕಡತ ತೆಗೆದು ನೋಡುತ್ತೇನೆ ಎಂದು ಬರೆದುಕೊಂಡಳು. ನೋಡಿದಳು ಕೂಡ, ಅದರಲ್ಲಿ ಥೂಜೋನ್ ಕೆಳಗಿತ್ತು, ಅದು ನಿಜವಾಗಿಯೂ ಕಲಬೆರಕೆಯೇ.

ಪಟ್ಟಿಗೆ ಮಾವನ ಹೆಸರು ಮತ್ತೆ ಸೇರಿತು. ಡಬ್ಬಿಯ ಜೊತೆ ಕೊಯ್ದ ತಾರೀಕು, ನೀರು ಕೊಟ್ಟಿದ್ದಾರೋ ಇಲ್ಲವೋ, ಹೊಲ ಇಳಿಜಾರೋ ತಗ್ಗೋ ಎಂಬುದನ್ನೆಲ್ಲ ಬರೆದ ಚೀಟಿ ಇಲ್ಲದೆ ಪರೀಕ್ಷೆ ಇಲ್ಲ ಎಂಬ ನಿಯಮವೂ ಬಂತು. ಅವಳು ಮುಖ್ಯ ಪರೀಕ್ಷಕಿಯ ಹುದ್ದೆ ಬಿಟ್ಟು ಹಳೆಯ ಕೋಣೆಗೆ ಮರಳಿದಳು. ಕಾರ್ಯದರ್ಶಿ ಬೇಡ ಎನ್ನಲಿಲ್ಲ. ಕಿತ್ತ ಗಿಡಗಳಂತೂ ಮರಳಲಿಲ್ಲ. ಹೊಸದಾಗಿ ನೆಟ್ಟರೆ ಸರಿಯಾದ ಕೊಯ್ಲಿಗೆ ಎರಡು ವರ್ಷ ಬೇಕು, ಮಾವನಿಗೆ ಅರವತ್ತೇಳು.

ಮೊಗ್ಗು ಕಾಣುವ ಹೊತ್ತಿಗೆ ಅತ್ತೆ ಫೋನು ಮಾಡಿದರು. "ಕೆಳಗಿನ ಎರಡು ಪಟ್ಟಿ ನಾನೇ ಕೀಳೋಕೆ ಬಿಟ್ಟಿರ್ಲಿಲ್ಲ. ಕೊಯ್ಲಿಗೆ ಬಂದಿದೆ. ನನಗೆ ಬಗ್ಗೋಕಾಗಲ್ಲ, ಇವರಿಗೆ ಮಂಡಿ ನೋವು. ಬರ್ತೀಯಾ?" ದನಿಯಲ್ಲಿ ಮುನಿಸು ಹಾಗೇ ಇತ್ತು.

ಅವಳು ನಾಲ್ಕು ದಿನ ರಜೆ ಹಾಕಿ ಹೋದಳು. ಇಬ್ಬನಿ ಆರಿದ ಮೇಲೆ ಮಾವ ಸಾಲಿನ ಆ ತುದಿಯಿಂದ, ಅವಳು ಈ ತುದಿಯಿಂದ ಶುರುಮಾಡಿದರು. ಕೈ ಅಭ್ಯಾಸ ತಪ್ಪಿತ್ತು. ಗಟ್ಟಿ ಕಾಂಡದವರೆಗೆ ಕುಡುಗೋಲು ಹೋಗುತ್ತಿತ್ತು. ಮಾವ ದೂರದಿಂದಲೇ, "ಅಷ್ಟು ಕೆಳಗೆ ಬೇಡ, ಮತ್ತೆ ಚಿಗುರಲ್ಲ," ಎಂದು ಕೂಗಿದರು. ಅವಳು ಕೈ ಮೇಲೆ ಮಾಡಿದಳು. ಬಿಸಿಲು ಏರುವ ಮೊದಲು ಇಬ್ಬರೂ ಸಾಲಿನ ಮಧ್ಯಕ್ಕೆ ಬಂದರು. ನಡುವೆ ನಾಲ್ಕೈದು ಗಿಡ ಉಳಿದಿದ್ದವು. ಅವಳಿಗೆ ಮುಖ ಎತ್ತಲು ಧೈರ್ಯ ಬರಲಿಲ್ಲ, ಎಲೆಗಳನ್ನೇ ನೋಡುತ್ತ ಕೊಯ್ದಳು. ಮಾವ ತಮ್ಮ ಕಂತೆ ಕಟ್ಟಿ, ಅವಳ ಕಂತೆಯನ್ನೂ ಎತ್ತಿ ಹೆಗಲಿಗೆ ಹಾಕಿಕೊಂಡು ನೆರಳಿನ ಕಡೆ ನಡೆದರು. ಅವಳು ಉಳಿದ ಗಿಡಗಳನ್ನು ಮುಗಿಸಲು ಬಗ್ಗಿದಳು.